ತೋಟದ ಲೈನಿನಲ್ಲಿ ಸಂತ ಜೋಸೆಫರು

(ಮೇ 1 – ಕಾರ್ಮಿಕರಾದ ಸಂತ ಜೋಸೆಫರ ಹಬ್ಬ)



ಧರ್ಮಸಭೆಯ ಪಂಚಾಂಗದಲ್ಲಿ ಸಂತ ಜೋಸೆಫರಿಗೆ ಎರಡು ಹಬ್ಬಗಳಿವೆ. ಮಾರ್ಚ್ 19ರಂದು ಅವರನ್ನು ಮಾತೆ ಮರಿಯಮ್ಮನವರ ಪತಿಯಾಗಿ ಗೌರವಿಸುತ್ತೇವೆ. ಮೇ 1ರಂದು ಅವರನ್ನು ಕೂಲಿಗಾಗಿ ದುಡಿದ ಮನುಷ್ಯನಾಗಿ ನೆನೆಯುತ್ತೇವೆ. ಈ ಎರಡನೆಯ ಹಬ್ಬ ಹಳೆಯದಲ್ಲ. ಲೋಕದ ಕಾರ್ಮಿಕರೆಲ್ಲ ತಮ್ಮ ದಿನವೆಂದು ಆಚರಿಸುತ್ತಿದ್ದ ಮೇ ಒಂದನ್ನು 1955ರಲ್ಲಿ ಪೋಪ್ 12ನೇ ಪಿಯುಸ್ ಅವರು ಸಂತ ಜೋಸೆಫರ ಕೈಗೆ ಒಪ್ಪಿಸಿದರು. ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರದ ಪ್ರಧಾನಾಲಯವೂ ಅವರ ಹೆಸರಿನಲ್ಲೇ ಇದೆ. ಕಾಫಿ ಬೆಟ್ಟಗಳ ಧರ್ಮಕ್ಷೇತ್ರಕ್ಕೆ ಒಬ್ಬ ಕೂಲಿಕಾರ ಸಂತನ ಆಸರೆ ದೊರೆತಿರುವುದು ನಮ್ಮ ಭಾಗ್ಯ.

ಆ ದಿನದ ಶುಭಸಂದೇಶದಲ್ಲಿ ನಜರೇತಿನ ಜನರು ಯೇಸುವನ್ನು ನೋಡಿ, ಇವನು ಆ ಬಡಗಿಯ ಮಗನಲ್ಲವೇ ಎಂದು ಕೇಳುತ್ತಾರೆ. ಅದು ಪರಿಚಯದ ಮಾತಲ್ಲ, ತಾತ್ಸಾರದ ಮಾತು. ಕೈಯಲ್ಲಿ ದುಡಿಯುವವನ ಮಗನಿಗೆ ಇಷ್ಟು ಜ್ಞಾನ ಎಲ್ಲಿಂದ ಬಂತು ಎಂಬ ಅಸಹನೆ ಅದರಲ್ಲಿದೆ. ಎರಡು ಸಾವಿರ ವರ್ಷಗಳ ಹಿಂದಿನ ಆ ತಾತ್ಸಾರ ನಮ್ಮ ಬೆಟ್ಟಗಳನ್ನು ಬಿಟ್ಟು ಹೋಗಿದೆಯೇ? ಈ ಹಬ್ಬದಂದು ನಾವು ನಮ್ಮದೇ ಮಣ್ಣಿನ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡೋಣ.

ಮಂಜರಾಬಾದಿನ ಬೆಟ್ಟಗಳು

ಸಕಲೇಶಪುರದ ಸೀಮೆಗೆ ಹಿಂದೆ ಮಂಜರಾಬಾದ್ ಎಂದೇ ಹೆಸರಿತ್ತು. ಟಿಪ್ಪು ಸುಲ್ತಾನ್ ಕಟ್ಟಿಸಿದ ನಕ್ಷತ್ರದಾಕಾರದ ಕೋಟೆ ಇಂದಿಗೂ ಘಟ್ಟದ ದಾರಿಯನ್ನು ನೋಡುತ್ತಾ ನಿಂತಿದೆ. 1843ರಲ್ಲಿ ಗ್ರೀನ್ ಎಂಬ ಇಂಗ್ಲಿಷ್ ದೊರೆ ದಕ್ಷಿಣ ಮಂಜರಾಬಾದಿನಲ್ಲಿ ಕಾಫಿ ತೋಟ ಮಾಡಿದ. ಮುಂದೆ ಒಬ್ಬರ ಹಿಂದೆ ಒಬ್ಬರಂತೆ ಯೂರೋಪಿನ ತೋಟಗಾರರು ಬಂದರು. ಈ ನೆಲದ ಗೌಡರೂ ಪಟೇಲರೂ ತಮ್ಮ ಕಾಡುಗಳಲ್ಲಿ ಕಾಫಿ ಹಾಕಿದರು. ಮಂಜರಾಬಾದಿನಲ್ಲಿ ಬಹುಕಾಲ ತೋಟ ನಡೆಸಿದ ರಾಬರ್ಟ್ ಎಲಿಯಟ್ ಎಂಬಾತ 1871ರಲ್ಲೇ ಮೈಸೂರಿನ ಕಾಡುಗಳಲ್ಲಿ ತೋಟಗಾರನಾಗಿ ಕಂಡ ಅನುಭವಗಳ ಬಗ್ಗೆ ದೊಡ್ಡ ಪುಸ್ತಕ ಬರೆದ. ಮಳೆ, ನೆರಳಿನ ಮರ, ಹುಲಿ ಬೇಟೆ, ಕಾಫಿಗೆ ತಗಲುವ ಹುಳು, ಎಲ್ಲವೂ ಇಂಥ ಪುಸ್ತಕಗಳಲ್ಲಿವೆ. ಆದರೆ ಗುಂಡಿ ತೋಡಿದವರು, ಮರಗಸಿ ಮಾಡಿದವರು, ಹಣ್ಣು ಕೊಯ್ದು ಮೂಟೆ ಹೊತ್ತವರು ಪುಸ್ತಕ ಬರೆಯಲಿಲ್ಲ. ಅವರಿಗೆ ಅಕ್ಷರವೇ ಇರಲಿಲ್ಲ.

ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ದೇವಾಲಯವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಗುಡಿ ಅದು. ಆಲೂರು ಮತ್ತು ಸಕಲೇಶಪುರದ ಇಂಗ್ಲಿಷ್ ತೋಟಗಾರರಿಗಾಗಿ ಕಟ್ಟಿದ್ದೆಂದು ಜನರು ಹೇಳುವುದುಂಟು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ಅದರ ಗೋಡೆಗಳ ಫೋಟೋ ತೆಗೆಯಲು ದೂರದೂರದಿಂದ ಬರುತ್ತಾರೆ. ಗಾರೆ ಕಲಸಿದವರು ಯಾರು, ಕಲ್ಲು ಹೊತ್ತವರು ಯಾರು ಎಂದು ಯಾರೂ ಕೇಳುವುದಿಲ್ಲ.

ಆಗ ಈ ತೋಟಗಳಿಗೆ ಆಳುಗಳು ಎಲ್ಲಿಂದ ಬಂದರು? ಕೆಲವರು ಬಯಲುಸೀಮೆಯಿಂದ ರಾಗಿ ಕೊಯ್ಲು ಮುಗಿಸಿ ಬಂದರು. ಕೆಲವರು ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ ಶಿರಾಡಿ, ಬಿಸಿಲೆ ದಾರಿ ಹತ್ತಿ ಬಂದರು. ಅವರಲ್ಲಿ ಕೊಂಕಣಿ ಮಾತಾಡುವ ನಮ್ಮ ಕಥೋಲಿಕ ಕುಟುಂಬಗಳೂ ಇದ್ದವು. ಕೂಲಿಯವರಾಗಿ, ಬಡಗಿಗಳಾಗಿ, ಗಾರೆಯವರಾಗಿ, ಆಮೇಲೆ ರೈಟರಾಗಿ, ಲಾರಿ ಚಾಲಕರಾಗಿ ಬಂದ ಅವರಲ್ಲಿ ಕೆಲವರು ಕ್ರಮೇಣ ಸ್ವಂತ ತೋಟವನ್ನೂ ಮಾಡಿಕೊಂಡರು. ತಮಿಳುನಾಡಿನಿಂದಲೂ ಮಲಬಾರಿನಿಂದಲೂ ಜನ ಬಂದರು. ನಮ್ಮ ಧರ್ಮಕೇಂದ್ರಗಳ ಹಳೆಯ ಮನೆತನಗಳನ್ನು ಕೇಳಿ ನೋಡಿ. ಮೂರು ತಲೆ ಹಿಂದೆ ಹೋದರೆ ತಲೆಯ ಮೇಲೆ ಗಂಟು ಹೊತ್ತು ಘಟ್ಟ ಹತ್ತಿದ ಒಬ್ಬ ಅಜ್ಜನೋ ಅಜ್ಜಿಯೋ ಸಿಕ್ಕೇ ಸಿಗುತ್ತಾರೆ. ಹಾಗೆ ಬಂದವರಲ್ಲಿ ಎಷ್ಟೋ ಮಂದಿ ಮಲೇರಿಯಾ ಜ್ವರಕ್ಕೆ ತುತ್ತಾಗಿ ಇಲ್ಲೇ ಮಣ್ಣಾದರು.

ಅವರನ್ನು ಕರೆತಂದವನು ಮೇಸ್ತ್ರಿ. ಊರಿನಲ್ಲಿ ಮದುವೆಯೋ ಕಾಯಿಲೆಯೋ ಬಂದಾಗ ಮೇಸ್ತ್ರಿಯ ಕೈಯಿಂದ ಮುಂಗಡ ಸಿಗುತ್ತಿತ್ತು. ಮುಂಗಡ ತೆಗೆದುಕೊಂಡವನು ತೋಟಕ್ಕೆ ಬಂದು ದುಡಿದು ತೀರಿಸಬೇಕು. ಮೇಸ್ತ್ರಿಗೆ ಕಮಿಷನ್. ಅಕ್ಕಿ, ಉಪ್ಪು, ಕಂಬಳಿಯ ಲೆಕ್ಕವೂ ಕೂಲಿಯಲ್ಲೇ ಕಳೆದುಹೋಗುವಾಗ ಸಾಲ ತೀರುವುದು ಎಂದಿಗೆ? ಬ್ರಿಟಿಷರ 1859ರ 13ನೇ ಕಾಯ್ದೆಯನ್ನು ದಕ್ಷಿಣ ಭಾರತದ ತೋಟಗಾರರು ಬಹುಕಾಲ ಆಶ್ರಯಿಸಿದ್ದರು. ಮುಂಗಡ ಪಡೆದು ಕೆಲಸಕ್ಕೆ ಬಾರದ ಆಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಅವರ ಅಪ್ಪಣೆಯಂತೆ ಹಣ ಕಟ್ಟದೆ, ಕೆಲಸವನ್ನೂ ಮಾಡದೆ ಹೋದರೆ ಮೂರು ತಿಂಗಳವರೆಗೆ ಸೆರೆಮನೆ. ಕೂಲಿ ಕೊಡದ ದೊರೆಯನ್ನು ಜೈಲಿಗೆ ಹಾಕುವ ಮಾತು ಆ ಕಾಯ್ದೆಯಲ್ಲಿ ಇರಲಿಲ್ಲ. 1925ರಲ್ಲಿ ಶಾಸನ ಸಭೆ ಅದನ್ನು ರದ್ದುಪಡಿಸಿತು. ನೆರೆಯ ಕೊಡಗಿನಲ್ಲಿ ಅಂಥದೇ ಕಾನೂನು ಇನ್ನೂ ಕೆಲವು ವರ್ಷ ಉಳಿಯಿತು.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತದೆ ನಮ್ಮ ಗಾದೆ. ಈ ಬೆಟ್ಟಗಳಲ್ಲಿ ಬಹಳ ಕಾಲ ಕೆಸರಾದ ಕೈ ಒಬ್ಬರದು, ಮೊಸರು ಕಂಡ ಬಾಯಿ ಇನ್ನೊಬ್ಬರದು.

ಕಲ್ಲಿದ್ದಲ ನಾಡಿನ ಐರಿಷ್ ಕಥೋಲಿಕರು

ಇದೇ ಕಾಲದಲ್ಲಿ ಭೂಮಿಯ ಇನ್ನೊಂದು ಮಗ್ಗುಲಲ್ಲಿ ನಮ್ಮದೇ ವಿಶ್ವಾಸದ ಬಡಜನರು ಇಂಥದೇ ಬಾಳು ಬಾಳುತ್ತಿದ್ದರು. 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆ ಬೆಳೆ ಕೊಳೆತು ಮಹಾ ಕ್ಷಾಮ ಬಂತು. ಹತ್ತು ಲಕ್ಷದಷ್ಟು ಜನ ಸತ್ತರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಲ್ಲಿದ್ದಲ ಗಣಿಗಳಿಗೆ ಅವರಲ್ಲಿ ಸಾವಿರಾರು ಮಂದಿ ಇಳಿದರು. ಮನೆ ಕಂಪನಿಯದು, ಅಂಗಡಿಯೂ ಕಂಪನಿಯದು. ತಿಂಗಳ ಕೊನೆಗೆ ಲೆಕ್ಕ ನೋಡಿದರೆ ಕೂಲಿಗಿಂತ ಅಂಗಡಿ ಸಾಲವೇ ಹೆಚ್ಚಾಗಿರುವುದೂ ಇತ್ತು. ಗಣಿಯ ಹೊರಗೆ ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಕೆಲಸಕ್ಕೆ ಎಳೆಯ ಮಕ್ಕಳನ್ನು ಕೂರಿಸುತ್ತಿದ್ದರು.

1869ರ ಸೆಪ್ಟೆಂಬರ್ 6ರಂದು ಏವನ್‌ಡೇಲ್ ಎಂಬ ಗಣಿಯಲ್ಲಿ ಬೆಂಕಿ ಬಿತ್ತು. ಒಳಗಿದ್ದವರಿಗೆ ಹೊರಬರಲು ಇದ್ದದ್ದು ಒಂದೇ ಬಾವಿ, ಅದೇ ಉರಿಯುತ್ತಿತ್ತು. ರಕ್ಷಿಸಲು ಇಳಿದ ಇಬ್ಬರೂ ಸೇರಿ 110 ಮಂದಿ ಸತ್ತರು. ಗಣಿಗೆ ಎರಡು ದಾರಿ ಇರಲೇಬೇಕೆಂಬ ಕಾನೂನು ಬಂದದ್ದು ಆ ಹೆಣಗಳನ್ನು ಎಣಿಸಿದ ಮೇಲೆ.

ಅದಕ್ಕೂ ಒಂದು ವರ್ಷ ಮುಂಚೆ ಜಾನ್ ಸೈನಿ ಎಂಬ ಐರಿಷ್ ಗಣಿಗಾರ ಅಲ್ಲಿ ಒಂದು ಕಾರ್ಮಿಕ ಸಂಘ ಕಟ್ಟಿದ್ದ. ಆತ ಹಿಂಸೆ ಬೇಡವೆಂದವನು, ಮಾತುಕತೆಯನ್ನು ನಂಬಿದವನು. ಆದರೆ ರೈಲ್ವೆಯನ್ನೂ ಗಣಿಗಳನ್ನೂ ಕೈಯಲ್ಲಿಟ್ಟುಕೊಂಡಿದ್ದ ಫ್ರಾಂಕ್ಲಿನ್ ಗೋವೆನ್ ಎಂಬ ಧನಿಕನಿಗೆ ಸಂಘವೇ ಬೇಡವಾಗಿತ್ತು. 1875ರಲ್ಲಿ ಕೂಲಿ ಇಳಿಸಿದಾಗ ತಿಂಗಳುಗಟ್ಟಲೆ ಮುಷ್ಕರ ನಡೆಯಿತು. ಹೆಂಡತಿ ಮಕ್ಕಳು ಹಸಿದರು. ಜೂನ್ ಹೊತ್ತಿಗೆ ಮುಷ್ಕರ ಮುರಿಯಿತು, ಸಂಘವೂ ಮುರಿಯಿತು. ಆ ಬೇಸಿಗೆಯಲ್ಲೇ ಕೊಲೆಗಳು ಹೆಚ್ಚಾದವು. 'ಮಾಲಿ ಮಗ್ವಾಯರ್ಸ್' ಎಂಬ ಗುಪ್ತ ಕೂಟದವರು ಗಣಿಯ ಮೇಲಧಿಕಾರಿಗಳನ್ನು ಗುಂಡಿಟ್ಟು ಕೊಂದರೆಂಬ ಆರೋಪ ಬಂತು. ಕಂಪನಿ ಮೊದಲೇ ಒಬ್ಬ ಪತ್ತೇದಾರನನ್ನು ಅವರ ನಡುವೆ ಬಿಟ್ಟಿತ್ತು. ಹಿಡಿದವರು ಕಂಪನಿಯ ಸ್ವಂತ ಪೊಲೀಸರು. ವಾದಿಸಿದವರು ಕಂಪನಿಯ ವಕೀಲರು. ಗೋವೆನ್ ತಾನೇ ನ್ಯಾಯಾಲಯದಲ್ಲಿ ನಿಂತು ಸರ್ಕಾರದ ಪರ ವಾದಿಸಿದ. 1877ರ ಜೂನ್ 21ರಂದು ಒಂದೇ ದಿನ ಹತ್ತು ಮಂದಿಯನ್ನು ಗಲ್ಲಿಗೇರಿಸಿದರು. ಒಟ್ಟು ಇಪ್ಪತ್ತು ಮಂದಿ ನೇಣಿಗೆ ಹೋದರು. ಅವರಲ್ಲಿ ನಾಯಕನೆನಿಸಿದ ಜಾಕ್ ಕಿಹೋ ಎಂಬಾತನಿಗೆ ಪೆನ್ಸಿಲ್ವೇನಿಯಾದ ರಾಜ್ಯಪಾಲರು ಕ್ಷಮೆ ಘೋಷಿಸಿದರು, 1979ರಲ್ಲಿ. ಅವನು ಸತ್ತು ನೂರು ವರ್ಷಗಳ ಮೇಲೆ.

ಕೊಲೆ ಪಾಪ. ಅದರಲ್ಲಿ ಎರಡು ಮಾತಿಲ್ಲ. ಫಿಲಡೆಲ್ಫಿಯದ ಮಹಾಧರ್ಮಾಧ್ಯಕ್ಷ ವುಡ್ ಅವರು ಆ ಕೂಟದವರನ್ನು ಧರ್ಮಸಭೆಯಿಂದ ಬಹಿಷ್ಕರಿಸಿದರು. ಆದರೆ ಘಟನೆಗಳ ಕ್ರಮವನ್ನು ಗಮನಿಸಿ. ಮೊದಲು ಸಂಘ ಬಂತು, ಮಾತುಕತೆ ಬಂತು. ಆ ಬಾಗಿಲನ್ನು ಮುಚ್ಚಿದರು. ಮುಚ್ಚಿದ ಮೇಲೆ ಕತ್ತಲಲ್ಲಿ ಬಂದೂಕು ಬಂತು. ಬಂದೂಕು ಹಿಡಿದವನು ದೇವರ ಮುಂದೆ ಉತ್ತರ ಕೊಡಬೇಕು, ನಿಜ. ಬಾಗಿಲು ಮುಚ್ಚಿದವನೂ ಕೊಡಬೇಕು.

ನಮ್ಮ ರಾಜ್ಯದ ಚಿನ್ನದ ಗಣಿ

ಇದೆಲ್ಲ ದೂರದ ಕಥೆ ಎನ್ನಬೇಡಿ. ನಮ್ಮದೇ ಮೈಸೂರು ರಾಜ್ಯದಲ್ಲಿ, ಕೋಲಾರದಲ್ಲಿ ಚಿನ್ನದ ಗಣಿಗೆ ಮೊದಲು ಅನುಮತಿ ಕೇಳಿದವನೂ ಒಬ್ಬ ಐರಿಷ್ ಸೈನಿಕನೇ. ಆತ ಮೈಕೆಲ್ ಲ್ಯಾವೆಲ್. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದು. 1880ರಿಂದ ಮುಂದೆ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿಗಳನ್ನು ಬೆಳೆಸಿತು. ತಮಿಳು ಜಿಲ್ಲೆಗಳಿಂದ ಬಂದ ದಲಿತ ಕುಟುಂಬಗಳು, ಅವರಲ್ಲಿ ಅನೇಕ ಕಥೋಲಿಕರು, ಮೂರು ಕಿಲೋಮೀಟರಿಗೂ ಆಳದ ಬಿಸಿ ಬಂಡೆಗಳ ನಡುವೆ ದುಡಿದರು. ಚಾಂಪಿಯನ್ ರೀಫಿನ ವಿಜಯ ಮಾತೆಯ ದೇವಾಲಯದಲ್ಲಿ ಎಷ್ಟು ತಾಯಂದಿರು ಮೇಣದಬತ್ತಿ ಹಚ್ಚಿ ಗಂಡ ಮೇಲೆ ಬರಲೆಂದು ಕಾದಿರಬೇಕು!

1930ರಲ್ಲಿ ಕಾರ್ಮಿಕರು ಬೆರಳಚ್ಚು ಕೊಡಬೇಕೆಂಬ ನಿಯಮ ಬಂತು. ಅಪರಾಧಿಗಳಿಗೆ ಮಾಡುವುದನ್ನು ನಮಗೇಕೆ ಮಾಡುತ್ತೀರಿ ಎಂದು ಅವರು ಕೆಲಸ ನಿಲ್ಲಿಸಿದರು. ಅದು ಕೂಲಿಯ ಜಗಳವಲ್ಲ, ಮಾನದ ಜಗಳ. 1946ರ ನವೆಂಬರಿನಲ್ಲಿ ಅಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. 2001ರಲ್ಲಿ ಗಣಿಗಳು ಮುಚ್ಚಿದವು. ದೇಶಕ್ಕೆ ಚಿನ್ನ ಕೊಟ್ಟವರ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುವಂತಾಯಿತು.

ಧರ್ಮಸಭೆಯ ದನಿ

ಆ ಇಪ್ಪತ್ತು ನೇಣುಗಳಾಗಿ ಹತ್ತು ವರ್ಷಗಳೊಳಗೆ ಅಮೆರಿಕದಲ್ಲಿ 'ನೈಟ್ಸ್ ಆಫ್ ಲೇಬರ್' ಎಂಬ ದೊಡ್ಡ ಕಾರ್ಮಿಕ ಸಂಘ ಬೆಳೆದಿತ್ತು. ಅದರ ನಾಯಕ ಟೆರೆನ್ಸ್ ಪೌಡರ್ಲಿ ಐರಿಷ್ ವಲಸಿಗರ ಮಗ, ಕಥೋಲಿಕ. ಇದೂ ಗುಪ್ತ ಕೂಟವೇ, ಇದನ್ನೂ ನಿಷೇಧಿಸಬೇಕು ಎಂಬ ಒತ್ತಾಯ ರೋಮಿಗೆ ಹೋಯಿತು. ಆಗ ಬಾಲ್ಟಿಮೋರಿನ ಕಾರ್ಡಿನಲ್ ಗಿಬ್ಬನ್ಸ್ ಅವರು 1887ರಲ್ಲಿ ರೋಮಿನಲ್ಲೇ ಕಾರ್ಮಿಕರ ಪರವಾಗಿ ಮನವಿ ಸಲ್ಲಿಸಿದರು. ಬಡವರು ಒಂದಾಗುವುದು ಅವರ ಸಹಜ ಹಕ್ಕು, ಅದನ್ನು ಖಂಡಿಸಿದರೆ ಧರ್ಮಸಭೆ ಬಡವರನ್ನೇ ಕಳೆದುಕೊಳ್ಳುತ್ತದೆ ಎಂಬುದು ಅವರ ವಾದದ ತಿರುಳು. ರೋಮ್ ಆ ಮಾತಿಗೆ ಕಿವಿಗೊಟ್ಟಿತು, ಸಂಘವನ್ನು ಖಂಡಿಸಲಿಲ್ಲ.

1891ರ ಮೇ 15ರಂದು ಪೋಪ್ 13ನೇ ಲಿಯೋ ಅವರು 'ರೇರುಮ್ ನೋವಾರುಮ್' ಎಂಬ ವಿಶ್ವಪತ್ರ ಹೊರಡಿಸಿದರು. ಆಸ್ತಿ ಹೊಂದುವ ಹಕ್ಕನ್ನು ಅದು ಎತ್ತಿಹಿಡಿಯಿತು. ಜೊತೆಗೆ, ಕಾರ್ಮಿಕನು ತನ್ನ ಬಾಳನ್ನು ಮಾನದಿಂದ ಸಾಗಿಸುವಷ್ಟು ಕೂಲಿ ಅವನಿಗೆ ಸಲ್ಲಬೇಕೆಂದಿತು. ಅವನು ಹಸಿವಿನ ಭಯದಿಂದ ಕಡಿಮೆ ಕೂಲಿಗೆ ಒಪ್ಪಿದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲವೆಂದು ಸಾರಿತು. ನಾವು ಗುರುವಿದ್ಯಾಮಂದಿರದಲ್ಲಿ ಇದನ್ನು ಪರೀಕ್ಷೆಗಾಗಿ ಓದಿದೆವು. ಲೈನ್ ಮನೆಗಳ ಬಾಗಿಲಲ್ಲಿ ನಿಂತ ಮೇಲೆ ಅದರ ಅರ್ಥ ಬೇರೆಯಾಗಿ ಕಂಡಿತು. 2025ರ ಮೇ 8ರಂದು ಆಯ್ಕೆಯಾದ ಪೋಪ್ 14ನೇ ಲಿಯೋ ಅವರು, ತಾವು ಈ ಹೆಸರನ್ನು ಆರಿಸಿಕೊಂಡದ್ದಕ್ಕೆ ಆ ವಿಶ್ವಪತ್ರವೂ ಮುಖ್ಯ ಕಾರಣವೆಂದು ಹೇಳಿದ್ದಾರೆ. ಅಂದರೆ ಈ ಪ್ರಶ್ನೆ ಇನ್ನೂ ಮುಗಿದಿಲ್ಲ.

ಕಾನೂನು ಬಂತು, ಆಮೇಲೆ?

ಸ್ವಾತಂತ್ರ್ಯಕ್ಕೆ ಮುಂಚೆಯೇ ಸರ್ಕಾರ ರೇಗೆ ಎಂಬ ಅಧಿಕಾರಿಯಿಂದ ದೇಶದ ಚಹಾ, ಕಾಫಿ, ರಬ್ಬರ್ ತೋಟಗಳ ಕಾರ್ಮಿಕರ ಸ್ಥಿತಿಯ ವಿಚಾರಣೆ ಮಾಡಿಸಿತು. 1946ರಲ್ಲಿ ವರದಿ ಬಂತು. 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆಯಾಯಿತು. ಕುಡಿಯುವ ನೀರು, ಶೌಚಾಲಯ, ಔಷಧೋಪಚಾರ, ವಾಸಕ್ಕೆ ಮನೆ, ಮಳೆ ಚಳಿಗೆ ಛತ್ರಿ ಕಂಬಳಿ, ಐವತ್ತು ಮಹಿಳೆಯರು ದುಡಿಯುವ ತೋಟದಲ್ಲಿ ಶಿಶುವಿಹಾರ, ಇವೆಲ್ಲ ದೊರೆಯ ದಯೆಯಿಂದ ಕಾರ್ಮಿಕನ ಹಕ್ಕಾದವು. 1976ರಲ್ಲಿ ಜೀತ ಪದ್ಧತಿ ರದ್ದಾಯಿತು. ಅದೇ ವರ್ಷ ಗಂಡಿಗೂ ಹೆಣ್ಣಿಗೂ ಸಮಾನ ಕೂಲಿ ಎಂಬ ಕಾಯ್ದೆಯೂ ಬಂತು. 1951ರ ಕಾಯ್ದೆ ಈಗ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ. ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು.

ಆದರೆ ಕಾನೂನು ದೊಡ್ಡ ತೋಟಗಳ ಗೇಟಿನವರೆಗೆ ಬರುತ್ತದೆ. ನಮ್ಮ ಕಾಫಿ ಬೆಳೆಗಾರರಲ್ಲಿ ಬಹುಪಾಲು ಜನ ಹತ್ತು ಹೆಕ್ಟೇರಿಗಿಂತ ಕಡಿಮೆ ಭೂಮಿಯವರು. ಅಲ್ಲಿ ದುಡಿಯುವ ನಾಲ್ಕಾರು ಆಳುಗಳಿಗೆ ಕಾಯ್ದೆಗಿಂತ ಹೆಚ್ಚಾಗಿ ಮಾಲೀಕನ ಮನಸ್ಸಾಕ್ಷಿಯೇ ದಿಕ್ಕು. ಜೀತ ಹೋಯಿತೆಂದು ನಾವು ನಿದ್ದೆ ಮಾಡುವಂತಿಲ್ಲ. 2018ರ ಡಿಸೆಂಬರಿನಲ್ಲಿ ನಮ್ಮ ಹಾಸನದ ಸಮೀಪವೇ ಶೆಡ್ಡಿನಲ್ಲಿ ಕೂಡಿಹಾಕಿ ದುಡಿಸಿಕೊಳ್ಳುತ್ತಿದ್ದ 52 ಮಂದಿಯನ್ನು ಪೊಲೀಸರು ಬಿಡಿಸಿದರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು.

ಅಂದು ಕೂಲಿಯವನನ್ನು ಕೊಂದದ್ದು ಮಲೇರಿಯಾ. ಇಂದು ಆಲೂರು ಸಕಲೇಶಪುರದ ತೋಟಗಳಲ್ಲಿ ಅವನ ಭಯ ಆನೆ. 2014ರಲ್ಲಿ ಆಲೂರು ಸುತ್ತಿನಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು; ಆದರೂ ಸಾವು ನಿಂತಿಲ್ಲ. ಹೆಚ್ಚಾಗಿ ಸಾಯುವವರು ಯಾರು? ಮಂಜು ಹರಿಯುವ ಮುನ್ನ ಕಾಲ್ನಡಿಗೆಯಲ್ಲಿ ಕೆಲಸಕ್ಕೆ ಹೊರಟವರು. ಜೀಪು ಇದ್ದವರಿಗೆ ಆ ಅಪಾಯ ಕಡಿಮೆ. ಏವನ್‌ಡೇಲ್ ಗಣಿಗೆ ಎರಡನೆಯ ದಾರಿ ಇಲ್ಲದ ಹಾಗೆಯೇ ಈ ಬಡವರಿಗೂ ಬೇರೆ ದಾರಿ ಇಲ್ಲ.

ಒಂದೇ ಪೀಠದ ಮುಂದೆ

ಪ್ರಿಯರೇ, ನಮ್ಮ ಧರ್ಮಕೇಂದ್ರಗಳ ವಿಶೇಷವೇನೆಂದರೆ ತೋಟದ ಮಾಲೀಕರೂ ರೈಟರೂ ಮೇಸ್ತ್ರಿಯೂ ಕೂಲಿಯವರೂ ಒಂದೇ ಭಾನುವಾರ ಒಂದೇ ಬಲಿಪೀಠದ ಮುಂದೆ ಮೊಣಕಾಲೂರುತ್ತೇವೆ. ಆದ್ದರಿಂದ ಈ ಮಾತುಗಳನ್ನು ಯಾರ ಮೇಲೂ ಕಲ್ಲೆಸೆಯಲು ಬರೆಯುತ್ತಿಲ್ಲ. ಬೆಳೆಗಾರನ ಕಷ್ಟ ನಮಗೆ ಗೊತ್ತು. 2000ದ ನಂತರ ಒಂದೆರಡು ವರ್ಷಗಳಲ್ಲಿ ಕಾಫಿ ಬೆಲೆ ಪಾತಾಳಕ್ಕೆ ಇಳಿದಾಗ ಎಷ್ಟೋ ಮನೆಗಳು ಸಾಲದಲ್ಲಿ ಮುಳುಗಿದವು. ಕಾಂಡಕೊರಕ ಹುಳು, ಅಕಾಲ ಮಳೆ, ಆನೆಯ ಹಾವಳಿ ಅವರನ್ನೂ ಬಿಟ್ಟಿಲ್ಲ. ಆಗ, ಈ ವರ್ಷ ಕೂಲಿ ಹೆಚ್ಚಿಸಲಾಗದು, ಸಹಿಸಿಕೊಳ್ಳಿ ಎಂದು ಆಳುಗಳಿಗೆ ಹೇಳಿದರು. ಅವರು ಸಹಿಸಿಕೊಂಡರು. 2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ನಷ್ಟದಲ್ಲಿ ಪಾಲು ಕೊಟ್ಟವರನ್ನು ಲಾಭದಲ್ಲಿ ನಾವು ನೆನೆದೆವೇ? ಇದಕ್ಕೆ ಉತ್ತರವನ್ನು ನಮ್ಮ ನಮ್ಮ ಲೆಕ್ಕದ ಪುಸ್ತಕದಲ್ಲಿ ನೋಡಿಕೊಳ್ಳೋಣ.

ಇಂದು ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ, ಬಂಗಾಳದಿಂದ ಬಂದ ಯುವಕರಿದ್ದಾರೆ. ನಮ್ಮ ಅಜ್ಜಂದಿರು ಘಟ್ಟ ಹತ್ತಿದ ಹಾಗೆ ಇವರು ಮೂರು ದಿನ ರೈಲಿನಲ್ಲಿ ಕುಳಿತು ಬಂದಿದ್ದಾರೆ. ಇವರ ಭಾಷೆ ನಮಗೆ ಬಾರದು, ನಮ್ಮ ಭಾಷೆ ಇವರಿಗೆ ಬಾರದು. ಊರಿನಲ್ಲಿ ಕಳ್ಳತನವಾದರೆ ಮೊದಲು ಇವರ ಮೇಲೆ ಕಣ್ಣು. ಕೋಲಾರದವರು ಬೆರಳಚ್ಚು ಕೊಡಲು ಏಕೆ ಒಪ್ಪಲಿಲ್ಲವೆಂದು ಆಗ ನೆನಪಾಗಬೇಕು. ಇವರಲ್ಲಿ ನಮ್ಮ ವಿಶ್ವಾಸದವರೂ ಇದ್ದಾರೆ; ಗುಡಿಯ ಕೊನೆಯ ಕಂಬದ ಹಿಂದೆ ನಿಂತು ಪೂಜೆ ಮುಗಿಯುತ್ತಲೇ ಹೊರಟುಹೋಗುತ್ತಾರೆ. ಗುರುಗಳಾದ ನಮ್ಮ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇವೆ. ಬಂಗಲೆಯ ಆಶೀರ್ವಾದಕ್ಕೆ ಕರೆದಾಗ ಹೋದಷ್ಟು ಬೇಗ ಲೈನಿಗೆ ನಾವು ಹೋಗಿಲ್ಲ.

ಹಾಗಾದರೆ ಏನು ಮಾಡೋಣ? ದೊಡ್ಡ ಮಾತು ಬೇಡ. ನಮ್ಮ ಮನೆಯಲ್ಲಿ, ತೋಟದಲ್ಲಿ ದುಡಿಯುವವರ ಹೆಸರನ್ನು ಕಲಿಯೋಣ. ಏ ಹುಡುಗಾ ಎನ್ನುವುದನ್ನು ಬಿಡೋಣ. ವಾರದ ಕೂಲಿಯನ್ನು ವಾರಕ್ಕೇ ಕೊಡೋಣ. ಕೂಲಿಯವನಿಗೆ ಸೂರ್ಯ ಮುಳುಗುವ ಮುನ್ನ ಸಲ್ಲಿಸು ಎಂಬುದು ಮೋಶೆಯ ಕಾಲದ ಆಜ್ಞೆ. ಹಿಡಿದಿಟ್ಟ ಕೂಲಿ ತಾನೇ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರು ಎಚ್ಚರಿಸಿದ್ದಾರೆ. ಮುಂಗಡ ಕೊಟ್ಟರೆ ಅದರ ಲೆಕ್ಕವನ್ನು ಅವರಿಗೂ ತಿಳಿಯುವಂತೆ ಬರೆದು ತೋರಿಸೋಣ. ಆನೆ ಸುಳಿಯುವ ದಿನ ಕೆಲಸ ತಡವಾಗಿ ಶುರುವಾಗಲಿ. ಅರ್ಧ ದಿನದ ಕೂಲಿ ಕಡಿಯದಿರಲಿ. ಜೀವನವಿಡೀ ನಮ್ಮಲ್ಲಿ ದುಡಿದು ಬೆನ್ನು ಬಾಗಿದವರನ್ನು ಲೈನ್ ಖಾಲಿ ಮಾಡಿ ಎನ್ನುವ ಮುನ್ನ ಅವರು ಹೋಗುವುದೆಲ್ಲಿಗೆ ಎಂದು ಯೋಚಿಸೋಣ. ದುಡಿಯುವವರೂ ತಮ್ಮ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಲಿ, ಕೂಲಿಯನ್ನು ಸಾರಾಯಿ ಅಂಗಡಿಗೆ ಸುರಿಯದೆ ಮಕ್ಕಳ ಓದಿಗೆ ತರಲಿ. ಅವರು ತಮ್ಮ ಕಷ್ಟ ಹೇಳಲು ಒಟ್ಟಾಗಿ ಬಂದರೆ ಬಾಗಿಲು ತೆರೆದು ಕುಳಿತು ಕೇಳೋಣ.

ಪ್ರಭು ಯೇಸು ಹೇಳಿದ ದ್ರಾಕ್ಷಿತೋಟದ ಸಾಮತಿಯಲ್ಲಿ ಯಜಮಾನನು ತಾನೇ ಸಂತೆಬೀದಿಗೆ ಹೋಗುತ್ತಾನೆ, ಮೇಸ್ತ್ರಿಯನ್ನು ಕಳಿಸುವುದಿಲ್ಲ. ಸಂಜೆಯಾದರೂ ಕೆಲಸ ಸಿಗದೆ ನಿಂತವರೊಡನೆ ಮಾತಾಡುತ್ತಾನೆ. ಅವರ ಮನೆಯಲ್ಲೂ ಒಲೆ ಉರಿಯಬೇಕೆಂದು ಪೂರ್ತಿ ಕೂಲಿ ಕೊಡುತ್ತಾನೆ. ಸ್ವರ್ಗರಾಜ್ಯವನ್ನು ವಿವರಿಸಲು ಪ್ರಭುವಿಗೆ ಸಿಕ್ಕಿದ್ದು ಒಂದು ತೋಟದ ಲೆಕ್ಕ! ತೋಟದ ನಾಡಿನವರಾದ ನಮಗೆ ಅದು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು.

ಸಂತ ಜೋಸೆಫರೂ ಒಮ್ಮೆ ವಲಸೆ ಹೋದವರು. ಎಳೆ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿನಲ್ಲಿ ಭಾಷೆ ತಿಳಿಯದ ಜನರ ನಡುವೆ ಕೂಲಿ ಹುಡುಕಿದವರು. ಅಂದು ಯಾರೋ ಒಬ್ಬರು ಅವರಿಗೆ ಕೆಲಸ ಕೊಟ್ಟಿರಬೇಕು, ಸರಿಯಾದ ಕೂಲಿಯನ್ನೂ ಕೊಟ್ಟಿರಬೇಕು. ಆ ಕೂಲಿಯಿಂದಲೇ ನಮ್ಮ ರಕ್ಷಕನು ಅನ್ನ ಉಂಡು ಬೆಳೆದನು. ಹೆಸರು ಉಳಿಯದ ಆ ಮಾಲೀಕನ ಪುಣ್ಯ ನಮ್ಮ ಮನೆಗಳಿಗೂ ಬರಲಿ. ಈ ಮೇ ಒಂದರಂದು ನಮ್ಮ ತೋಟದ ಲೈನಿನಲ್ಲಿ ಸಂತ ಜೋಸೆಫರು ವಾಸವಾಗಿದ್ದಾರೆಂದು ಭಾವಿಸಿ, ಒಮ್ಮೆ ಅಲ್ಲಿಗೆ ಹೋಗಿ ಬರೋಣ.

ಕಾರ್ಮಿಕರಾದ ಸಂತ ಜೋಸೆಫರೇ, ನಮಗಾಗಿ ಪ್ರಾರ್ಥಿಸಿ. ಆಮೆನ್.